ಮೊಣಕಾಲಿನ ಬಾವು, ಬಾಕಿ ಉಳಿದ ಮಾತ್ರೆ

ಡೊಂಬಿವಲಿಯ ನಮ್ಮ ಸದಸ್ಯರೊಬ್ಬರು ಮಳೆಗಾಲದಲ್ಲಿ ಉಡುಪಿ ಕಡೆಯ ಊರಿಗೆ ಹೋಗಿ, ಗದ್ದೆಗಿಳಿದು ನೇಜಿ ನೆಟ್ಟು ಬಂದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಜ್ವರ ಬಂತು, ಮೊಣಕಾಲು ಬಾತಿತು. ನಾವೆಲ್ಲ ಸಂಧಿವಾತ ಎಂದೆವು. ಕೆಲವರು ಕ್ಷಯ ಎಂದರು. ಕೀಲಿನ ಕೀವಿನ ಕಲ್ಚರ್ ಹೇಳಿದ್ದು ಮೆಲಿಯಾಯ್ಡೋಸಿಸ್. ಕೆಸರು ಮಣ್ಣಿನ ಬ್ಯಾಕ್ಟೀರಿಯಾ. ಗಾಯದಿಂದ ಒಳಹೊಕ್ಕು ಅಪರೂಪಕ್ಕೆ ಕೀಲನ್ನೂ ಹಿಡಿಯುತ್ತದೆ. ಮಣಿಪಾಲದ ವೈದ್ಯರಿಗೆ ಇದು ಪರಿಚಿತ. ಇಲ್ಲಿ ಜ್ವರ ಬಂದರೆ, ಗದ್ದೆಗಿಳಿದದ್ದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಕೀಲು ತೊಳೆದು ವಾರಗಟ್ಟಲೆ ಇಂಜೆಕ್ಷನ್ ಕೊಟ್ಟರು. ಆ ಬಿಲ್ಲಿಗೆ ನೀವು ನೆರವಾದಿರಿ. ಆಮೇಲೆ ಕನಿಷ್ಠ 3 ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ, ನಡುನಡುವೆ ರಕ್ತಪರೀಕ್ಷೆ. ಡಿಸ್ಚಾರ್ಜ್ ಆದೊಡನೆ ನಮ್ಮ ನೆರವು ನಿಲ್ಲುತ್ತದೆ, ನೋವಿಲ್ಲವೆಂದು ರೋಗಿ ಮಾತ್ರೆ ಬಿಡುತ್ತಾರೆ, ರೋಗ ಮರುಕಳಿಸಬಹುದು. ಬ್ಯಾಂಕಿನಲ್ಲಿ ನಾನು ಕೊನೆಯ ಕಂತು ಬಾರದೆ ಸಾಲದ ಖಾತೆ ಮುಚ್ಚಿದವನಲ್ಲ. ಈ ಸಲದ ಮನವಿ ಆ ಮಾತ್ರೆಗಳಿಗೆ.