ಕರಿ ಕೋಟು ಇಲ್ಲದ ವಕೀಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ: "ಲಾಯರ್ ಅಂತೀಯ, ಯಾವ ಕೋರ್ಟಿಗಪ್ಪಾ ಹೋಗೋದು?" ಯಾವ ಕೋರ್ಟಿಗೂ ಇಲ್ಲ. ನಾನು ಬೆಂಗಳೂರಿನ ಕಂಪನಿಯೊಂದರ ಕಾನೂನು ವಿಭಾಗದಲ್ಲಿ ಸಂಬಳದ ನೌಕರ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ, ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ವೃತ್ತಿ ನಡೆಸುವಂತಿಲ್ಲ. ಹಾಗಾಗಿ ನನ್ನ ಕರಿ ಕೋಟು ಬಹಳ ವರ್ಷಗಳಿಂದ ಟ್ರಂಕಿನಲ್ಲೇ ಇದೆ.

ನಾನು ಕೆಲಸಕ್ಕೆ ಸೇರಿದಾಗ ಕಾನೂನು ವಿಭಾಗವೆಂದರೆ ಮೂಲೆಯ ಒಂದು ಕೊಠಡಿ. ನೋಟಿಸು ಬಂದ ಮೇಲೆ, ಕೇಸು ಬಿದ್ದ ಮೇಲೆ ನಮ್ಮ ನೆನಪಾಗುತ್ತಿತ್ತು. ಫೈಲು ಕಟ್ಟಿ ಹೊರಗಿನ ವಕೀಲರಿಗೆ ಒಪ್ಪಿಸಿ, ವಾಯಿದೆಯ ದಿನ ಬರೆದಿಟ್ಟುಕೊಂಡರೆ ಮುಗಿಯಿತು. ಆಮೇಲೆ ಕಾಲ ಬದಲಾಯಿತು. 2013ರಲ್ಲಿ ಹೊಸ ಕಂಪನಿ ಕಾಯ್ದೆ ಬಂತು. ಅದೇ ವರ್ಷ ಬಂದ ಮತ್ತೊಂದು ಕಾಯ್ದೆ, ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾಯಿತು. ಈಗ ಹೊಸ ಕೆಲಸಕ್ಕೆ ಕೈಹಾಕುವ ಮೊದಲೇ ನಮ್ಮನ್ನು ಕೇಳುತ್ತಾರೆ. ಬೆಂಕಿ ಆರಿಸುತ್ತಿದ್ದವರು ಈಗ ಕಿಡಿ ಬೀಳದಂತೆ ನೋಡಿಕೊಳ್ಳಬೇಕು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ, ಹೆರಿಗೆ ರಜೆಯಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ತೆಗೆಯಬೇಕೆಂದು ಮೇಲಿನವರು ಹೇಳಿದರು. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಕಲಮಿನಂತೆ ಅದು ಕಾನೂನುಬಾಹಿರ. ನನಗದು ಗೊತ್ತಿತ್ತು. ಗೊತ್ತಿದ್ದರಿಂದಲೇ ವಜಾ ಪತ್ರ ಬರೆಯದೆ, ಆಕೆಯೇ ಬಿಟ್ಟಂತೆ ರಾಜೀನಾಮೆ ಪತ್ರ ಬರೆದುಕೊಟ್ಟೆ. ಎಳೆ ಮಗುವನ್ನು ಎತ್ತಿಕೊಂಡು ಬಂದು ಆಕೆ ಸಹಿ ಹಾಕಿದಳು. "ಇದರಲ್ಲಿ ಏನಿದೆ ಸಾರ್?" ಎಂದು ಕೇಳಿದಳು. "ಮಾಮೂಲಿ ಕಾಗದಮ್ಮಾ" ಎಂದೆ.

ಅಂದು ರಾತ್ರಿ ಅಪ್ಪನ ನೆನಪಾಯಿತು. ಯಾರೋ ಬರೆದ ಸಾಲಪತ್ರಕ್ಕೆ ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರು ಅವರು. ಮಗ ಅಂಥ ಕಾಗದ ಓದಿ ಹೇಳುವವನಾಗಲಿ ಎಂದು ಈ ಶಾಲೆಗೆ ಸೇರಿಸಿದರು. ನಾನು ಅಂಥ ಕಾಗದ ಬರೆಯುವವನಾಗಿದ್ದೆ.

ಕೆಲವು ವರ್ಷಗಳ ನಂತರ ಇನ್ನೊಂದು ಕಡೆ ಅಂಥದೇ ಮಾತು ಬಂತು. ಆಗಲ್ಲವೆಂದೆ. ಏಕೆ ಆಗದು, ಯಾವ ಕಲಮು, ಬೇರೆ ದಾರಿ ಏನು ಎಂದು ಒಂದು ಪುಟ ಬರೆದು ಕೊಟ್ಟೆ. ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ. ಆ ಹೆಣ್ಣುಮಗಳ ಕೆಲಸ ಉಳಿಯಿತು.

ಈ ದಾರಿಗೆ ಬರುವ ಮಕ್ಕಳಿಗೆ ಮೂರು ಮಾತು. ಪಿಯುಸಿ ಆದ ಮೇಲೆ ಐದು ವರ್ಷದ, ಪದವಿಯ ನಂತರ ಮೂರು ವರ್ಷದ ಕಾನೂನು ಕೋರ್ಸುಗಳಿವೆ. ಓದು ಮುಗಿದ ಕೂಡಲೇ ಕಂಪನಿಗೆ ಓಡಬೇಡಿ. ಎರಡು ಮೂರು ವರ್ಷ ಕೋರ್ಟಿನ ಕಟ್ಟೆ ಹತ್ತಿ. ಬರೆದ ವಾಕ್ಯವನ್ನು ಎದುರುಪಕ್ಷದವರು ಹೇಗೆ ಹರಿದುಹಾಕುತ್ತಾರೆಂದು ಅಲ್ಲೇ ತಿಳಿಯುವುದು. ಎರಡನೆಯದು, ಇಂಗ್ಲಿಷಿಗೆ ಹೆದರಬೇಡಿ. ಈ ಶಾಲೆಯ ಕನ್ನಡ ಮೇಷ್ಟ್ರು ಕಲಿಸಿದ ಸಾರಾಂಶ ಲೇಖನವೇ ಇಂದಿಗೂ ನನಗೆ ಅನ್ನ ಹಾಕುತ್ತಿದೆ. ಮೂರನೆಯದು, ಕಂಪನಿಯ ವಕೀಲನಿಗೆ ರಕ್ಷಣೆ ಕಡಿಮೆ. ವಕೀಲರು ಕಕ್ಷಿದಾರರ ಗುಟ್ಟು ಕಾಪಾಡಲು ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕೊಡುವ ವಿಶೇಷ ರಕ್ಷಣೆ ನಮಗೆ ಸಿಗದೆಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದೆ. ಆದ್ದರಿಂದ ನಾಳೆ ನ್ಯಾಯಾಧೀಶರ ಮುಂದೆ ಓದಿದರೂ ತಲೆ ತಗ್ಗಿಸಬೇಕಾಗದಂಥ ಸಲಹೆಯನ್ನೇ ಬರೆಯಿರಿ.

ಇನ್ನೊಂದು ಮಾತು. ಯಾರಾದರೂ "ಇದರಲ್ಲಿ ಏನಿದೆ?" ಎಂದು ಕೇಳಿದರೆ, ಇರುವುದನ್ನು ಇರುವಂತೆ ಓದಿ ಹೇಳಿ. ನಾನು ಅಂದು ಹೇಳಲಿಲ್ಲ.