ನಮ್ಮ ಶಾಲೆಯ ಮಾಳಿಗೆಗೆ ಯಾವ ಸೌರಫಲಕ?

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಈ ಶಾಲೆ ಆರಂಭವಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅದು ಅನಂತಪುರ ಜಿಲ್ಲೆಗೆ ಬಂದಿತು. ಅನಂತಪುರದಲ್ಲಿದ್ದ ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿಗಳು ಬದಲಾದರೂ ಬದಲಾಗದೆ ಉಳಿದವು ಎರಡು: ಮಕ್ಕಳ ಬಾಯಲ್ಲಿ ಕನ್ನಡ, ನೆತ್ತಿಯ ಮೇಲೆ ಬಿಸಿಲು. ಆ ಬಿಸಿಲನ್ನೇ ವಿದ್ಯುತ್ತಾಗಿಸಿ ಶಾಲೆಗೆ ಶತಮಾನದ ಕಾಣಿಕೆ ನೀಡಬೇಕೆಂದು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದ್ದಾರೆ. ಯಾವ ಫಲಕ ಕೊಳ್ಳಬೇಕೆಂಬ ವಿಷಯದಲ್ಲಿ ಮೂರು ಅಭಿಪ್ರಾಯಗಳಿವೆ. ಈ ಕ್ಷೇತ್ರದಲ್ಲಿ ದುಡಿದವನೆಂದು ನನ್ನನ್ನು ಕೇಳಿದ್ದೀರಿ. ನಾನು ಬಲ್ಲಷ್ಟನ್ನು ಹೇಳುತ್ತೇನೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ವಿದ್ಯಾರ್ಥಿನಿಲಯದ ತಗಡಿನ ಸೂರಿನ ಮೇಲೆ ಬಾಗುವ ಫಲಕಗಳನ್ನು ಅಂಟಿಸಿದೆ. ಹಗುರವಾಗಿದ್ದವು, ನೋಡಲು ಚೆಂದವಾಗಿದ್ದವು. ಮೂರನೆಯ ಬೇಸಗೆ ಕಳೆಯುವಷ್ಟರಲ್ಲಿ ಮೇಲ್ಪದರ ಮಸುಕಾಗಿ ಅಲ್ಲಲ್ಲಿ ಉಬ್ಬಿತು, ದೀಪಗಳು ಆರಿದವು. ದಾನಿಗಳ ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ ಸೌರವಿದ್ಯುತ್ತಿನ ಮೇಲೆ ಊರವರಿಗಿದ್ದ ನಂಬಿಕೆ ಹೋಯಿತು. ಆ ತಪ್ಪು ಇಲ್ಲಿ ಮರುಕಳಿಸಬಾರದೆಂಬುದೇ ನನ್ನ ಕಳಕಳಿ.

ಮೂರು ಬಗೆಗಳ ರಚನೆಯನ್ನು ನೋಡೋಣ. ರೂಢಿಯ ಫಲಕದಲ್ಲಿ ಮೇಲೆ ಸುಮಾರು 3.2 ಮಿಲಿಮೀಟರ್ ದಪ್ಪದ ಹದಗೊಳಿಸಿದ ಗಾಜು, ನಡುವೆ ಸಿಲಿಕಾನ್ ಕೋಶಗಳು, ಕೆಳಗೆ ಪ್ಲಾಸ್ಟಿಕ್ಕಿನ ಹಾಳೆ, ಸುತ್ತ ಅಲ್ಯೂಮಿನಿಯಂ ಚೌಕಟ್ಟು ಇರುತ್ತವೆ. ಇದನ್ನು ಒಂಟಿಗಾಜಿನ ಫಲಕವೆನ್ನೋಣ. ಜೋಡಿಗಾಜಿನ ಫಲಕದಲ್ಲಿ ಹಿಂದಿನ ಹಾಳೆಯ ಬದಲು ಇನ್ನೊಂದು ಗಾಜು. ಸಾಮಾನ್ಯವಾಗಿ ಎರಡೂ ತಲಾ 2 ಮಿಲಿಮೀಟರ್. ಬಾಗುವ ಫಲಕದಲ್ಲಿ ಗಾಜೇ ಇಲ್ಲ; ಕೋಶಗಳು ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುತ್ತವೆ.

ಜೋಡಿಗಾಜಿನ ಗುಣವೇನು? ನಮ್ಮಲ್ಲಿ ಆಷಾಢದ ಗಾಳಿ ಹೇಗೆಂದು ನಿಮಗೆ ಗೊತ್ತು. ಗಾಳಿ ಒತ್ತಿದಾಗ ಫಲಕ ಬಾಗುತ್ತದೆ. ಒಂಟಿಗಾಜಿನಲ್ಲಿ ಕೋಶಗಳು ಗಾಜಿನ ಅಡಿಗಿರುವುದರಿಂದ ಅವು ಹಿಗ್ಗಿ, ಕಣ್ಣಿಗೆ ಕಾಣದ ಸೀಳುಗಳು ಮೂಡಬಹುದು. ಸಮದಪ್ಪದ ಎರಡು ಗಾಜುಗಳ ಸರಿಮಧ್ಯದಲ್ಲಿರುವ ಕೋಶಗಳಿಗೆ ಆ ಎಳೆತ ಬಹಳ ಕಡಿಮೆ. ಗಾಜಿನ ಮೂಲಕ ತೇವ ಹೋಗದು. ಅದು ಬಿಸಿಲಿಗೆ ಕೊಳೆಯದು. ಪ್ಲಾಸ್ಟಿಕ್ ಹಾಳೆಗೆ ಆ ಭರವಸೆಯಿಲ್ಲ. 2010ರ ಆಸುಪಾಸಿನಲ್ಲಿ ತಯಾರಾದ ಪಾಲಿಅಮೈಡ್ ಹಾಳೆಯ ಅಸಂಖ್ಯ ಫಲಕಗಳ ಬೆನ್ನು, ಹತ್ತು ವರ್ಷ ತುಂಬುವ ಮೊದಲೇ ಹಲವು ದೇಶಗಳಲ್ಲಿ ಬಿರುಕು ಬಿಟ್ಟಿತು. ಇಂದಿನ ಒಳ್ಳೆಯ ಹಾಳೆಗಳು ಅದಕ್ಕಿಂತ ಮೇಲಾದವು. ಆದರೂ ಹಾಳೆ ಯಾವುದೆಂದು ಕೇಳದೆ ಕೊಳ್ಳಬಾರದು. ತಯಾರಕರು ಸಾಮಾನ್ಯವಾಗಿ ಒಂಟಿಗಾಜಿಗೆ 25 ವರ್ಷ, ಜೋಡಿಗಾಜಿಗೆ 30 ವರ್ಷಗಳ ಉತ್ಪಾದನೆಯ ಖಾತರಿ ಕೊಡುತ್ತಾರೆ. ಬಾಗುವ ಫಲಕಗಳಿಗೆ ಅನೇಕ ವೇಳೆ ಕೆಲವೇ ವರ್ಷಗಳ ಖಾತರಿ.

ಜೋಡಿಗಾಜಿಗೂ ದೋಷಗಳಿವೆ. 550 ವ್ಯಾಟಿನ ಒಂಟಿಗಾಜಿನ ಫಲಕ ಸುಮಾರು 28 ಕಿಲೋ ತೂಗಿದರೆ ಅಷ್ಟೇ ಶಕ್ತಿಯ ಜೋಡಿಗಾಜಿನದು ಸುಮಾರು 32 ಕಿಲೋ. ತೆಳು ಗಾಜನ್ನು ದಪ್ಪ ಗಾಜಿನಷ್ಟು ಹದಗೊಳಿಸಲಾಗದು. ಹಿಡಿಕೆಗಳನ್ನು ಅತಿಯಾಗಿ ಬಿಗಿದರೆ, ತಪ್ಪು ಜಾಗದಲ್ಲಿ ಬಿಗಿದರೆ ಒಡೆಯುತ್ತದೆ. ಒಡೆದ ಗಾಜಿಗೆ ರಿಪೇರಿಯಿಲ್ಲ. ಆಟದ ಬಯಲಿನ ಕ್ರಿಕೆಟ್ ಚೆಂಡನ್ನೂ ಲೆಕ್ಕಕ್ಕೆ ಹಿಡಿಯಬೇಕು!

ಇನ್ನು ನಮ್ಮ ನೆಲದ ಮಾತು. ಫಲಕದ ಮೇಲೆ ಬರೆದಿರುವ ಶಕ್ತಿ, ಕೋಶ 25 ಡಿಗ್ರಿ ಉಷ್ಣತೆಯಲ್ಲಿರುವಾಗ ಅಳೆದದ್ದು. ನಮ್ಮ ಏಪ್ರಿಲ್ ಮಧ್ಯಾಹ್ನ ಕೋಶ 65 ಡಿಗ್ರಿ ಮುಟ್ಟಬಹುದು. ಪ್ರತಿ ಡಿಗ್ರಿಗೆ ಶೇಕಡಾ 0.35ರಷ್ಟು ಇಳಿದರೂ, 40 ಡಿಗ್ರಿ ಏರಿಕೆಗೆ ಶೇಕಡಾ 14 ನಷ್ಟ. ಆದ್ದರಿಂದ ಫಲಕದ ಅಡಿಯಲ್ಲಿ ಗಾಳಿ ಆಡಲೇಬೇಕು. ತಗಡಿಗೆ ಅಂಟಿಸಿದ ಬಾಗುವ ಫಲಕಕ್ಕೆ ಆ ಗಾಳಿಯೇ ಇಲ್ಲ.

ಎರಡನೆಯದು ಧೂಳು. ನಾವು ಹಗರಿ ಎನ್ನುವ ವೇದಾವತಿಯ ದಂಡೆಯಲ್ಲಿ, ಬೊಮ್ಮನಹಾಳು, ಕಣೇಕಲ್ಲು ಕಡೆ ಮರಳು ಹಾರಿ ಹೊಲಗಳಲ್ಲಿ ದಿಬ್ಬವಾಗಿರುವುದನ್ನು ನೀವೆಲ್ಲ ಕಂಡಿದ್ದೀರಿ. ಮರಳು ಪ್ಲಾಸ್ಟಿಕ್ಕನ್ನು ಬೇಗ ಗೀರುತ್ತದೆ, ಗಾಜು ತಾಳುತ್ತದೆ. ಮಳೆ ಕಡಿಮೆಯಾದ್ದರಿಂದ ಫಲಕವನ್ನು ನಾವೇ ತೊಳೆಯಬೇಕು. ಗಡುಸಾದ ಬೋರ್‌ವೆಲ್ ನೀರು ಒಣಗಿದರೆ ಬಿಳಿಯ ಕಲೆ ಉಳಿಯುತ್ತದೆ. ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ಬೆಳಗಿನ ತಂಪಿನಲ್ಲಿ ಮೆತ್ತನೆಯ ಬಟ್ಟೆಯಿಂದ ತೊಳೆಯುವುದು ಲೇಸು. ಕಾದ ಗಾಜಿಗೆ ತಣ್ಣೀರು ಎರಚಬಾರದು.

ಮಡಕಶಿರಾದ ಮಗ್ಗುಲಲ್ಲೇ, ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಅದನ್ನು ನೋಡಿದವರು, ಅಲ್ಲಿದ್ದುದೇ ಇಲ್ಲಿಗೂ ಆಗಲಿ ಎನ್ನುತ್ತಾರೆ. ಆದರೆ ಅಲ್ಲಿ ಫಲಕಗಳು ನೆಲದ ಮೇಲಿವೆ, ನೋಡಿಕೊಳ್ಳಲು ನುರಿತವರಿದ್ದಾರೆ. ಇಲ್ಲಿ ಬೇಕಾಗಿರುವುದು ಹತ್ತೇ ಫಲಕ. ಹತ್ತು ಫಲಕವೆಂದರೆ 5.5 ಕಿಲೋವ್ಯಾಟ್, ಬಿಸಿಲಿನ ದಿನ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ಟು. ಬೆಳಕು, ಫ್ಯಾನು, ಗಣಕಯಂತ್ರದ ಕೋಣೆ, ನೀರಿನ ಮೋಟರು ಇವಿಷ್ಟಕ್ಕೆ ಸಾಕು. ಆದರೆ ಆ ಹತ್ತನ್ನು ಹೊರಬೇಕಾದದ್ದು ನಮ್ಮ ಮಾಳಿಗೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮರದ ತೊಲೆ, ಕಲ್ಲುಚಪ್ಪಡಿಗಳ ಹಳೆಯ ಕಟ್ಟಡದ ಮೇಲೆ ಯಾವ ಫಲಕವನ್ನೂ ಇಡುವುದು ಬೇಡ. ಫಲಕದ ಭಾರಕ್ಕಿಂತ, ಗಾಳಿ ಅದನ್ನು ಮೇಲಕ್ಕೆತ್ತುವ ಸೆಳೆತವೇ ಹಳೆಯ ಮಾಳಿಗೆಗೆ ಹೆಚ್ಚು ಅಪಾಯಕರ. ನಮ್ಮ ಹಿರಿಯರು ಕಟ್ಟಿಸಿದ ಆ ಕೋಣೆಗಳು ಹಾಗೆಯೇ ಇರಲಿ. ಹೊಸ ಕಟ್ಟಡದ ಕಾಂಕ್ರೀಟ್ ಮಾಳಿಗೆಯನ್ನು ಎಂಜಿನಿಯರೊಬ್ಬರು ಪರೀಕ್ಷಿಸಿ ಒಪ್ಪಿದರೆ, ಅಲ್ಲಿ ಜೋಡಿಗಾಜಿನ ಫಲಕಗಳನ್ನೇ ಇಡೋಣ. ಎರಡೂ ಮುಖಗಳಿಂದ ಬೆಳಕು ಹೀರುವ ಬಗೆಯದಾಗಲಿ. ಸೊಂಟದೆತ್ತರಕ್ಕೆ ಏರಿಸಿ ನಿಲ್ಲಿಸಿ, ಅಡಿಯ ಮಾಳಿಗೆಗೆ ಬಿಳಿಯ ಬಣ್ಣ ಬಳಿದರೆ, ಕೆಳಗಿನಿಂದ ಪ್ರತಿಫಲಿಸುವ ಬೆಳಕೂ ಸ್ವಲ್ಪ ವಿದ್ಯುತ್ತಾಗುತ್ತದೆ. ಕೆಳಗಿನ ತರಗತಿಯೂ ತಂಪಾಗುತ್ತದೆ. ಎಂಜಿನಿಯರು ಭಾರ ಹೆಚ್ಚೆಂದರೆ ಒಳ್ಳೆಯ ಹಾಳೆಯ ಒಂಟಿಗಾಜಿನ ಫಲಕವನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಬಾಗುವ ಫಲಕಕ್ಕೂ ಅದರದೇ ಸ್ಥಾನವಿದೆ. ದೋಣಿಗೆ, ವಾಹನದ ಮೇಲ್ಛಾವಣಿಗೆ ಅದು ಸರಿ. ನಮ್ಮ ವಿಜ್ಞಾನ ಕೋಣೆಗೆ ಒಂದು ತರಿಸಿ ಮಕ್ಕಳಿಗೆ ತೋರಿಸೋಣ.

ಇನ್ನೆರಡು ಎಚ್ಚರಿಕೆಯ ಮಾತು. ಸರ್ಕಾರಿ ತಂತಿಗೆ ಜೋಡಿಸಿದ ಸಾಮಾನ್ಯ ಇನ್ವರ್ಟರು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ಕೆಲಸ ಮಾಡುವವರ ಪ್ರಾಣರಕ್ಷಣೆಗಾಗಿ ಆ ಏರ್ಪಾಡು. ಪರೀಕ್ಷೆಯ ಹೊತ್ತಿಗೆ ದೀಪ ಬೇಕೆಂದರೆ ಬ್ಯಾಟರಿಯುಳ್ಳ ಏರ್ಪಾಡನ್ನು ಮೊದಲೇ ಕೇಳಬೇಕು. ಎರಡನೆಯದಾಗಿ, ಫಲಕ ಮೂವತ್ತು ವರ್ಷ ಬಾಳಿದರೂ ಇನ್ವರ್ಟರು ಅಷ್ಟು ಬಾಳದು. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಿಸಬೇಕಾದೀತು. ಸಂಗ್ರಹವಾದ ಹಣವನ್ನೆಲ್ಲ ಫಲಕಕ್ಕೇ ಸುರಿಯದೆ ಒಂದು ಪಾಲನ್ನು ಬ್ಯಾಂಕಿನಲ್ಲಿ ನಿರ್ವಹಣೆಗೆಂದೇ ಇಡಿ. ಮಾಳಿಗೆ ಹತ್ತುವ ಕೆಲಸ ದೊಡ್ಡವರಿಗಿರಲಿ; ಮೀಟರನ್ನು ದಿನವೂ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ಮಕ್ಕಳಿಗಿರಲಿ. ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಇನ್ನೊಂದಿಲ್ಲ.

ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಆ ಖಾತರಿ ಮುಗಿಯುವ ವರ್ಷ ಮೂವತ್ತಾರು ತುಂಬಿರುತ್ತದೆ. ಆಗ ಅದರ ಮಗುವೂ ಇದೇ ಶಾಲೆಯಲ್ಲಿ ಕನ್ನಡದ ಅಕ್ಷರ ತಿದ್ದುತ್ತಿರಲಿ ಎಂಬುದು ನಮ್ಮೆಲ್ಲರ ಆಸೆ. ಇಂದು ನಾವು ಆರಿಸುವ ಫಲಕ ಅಂದೂ ಆ ಕೋಣೆಗೆ ಬೆಳಕು ಕೊಡುವಂತಿರಬೇಕು. ಅಗ್ಗವೋ ಚೆಂದವೋ ಎಂದು ನೋಡದೆ ಬಾಳಿಕೆಯನ್ನು ನೋಡಿ ಆರಿಸೋಣವೆಂದು ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.