ಕೊರಳೆಲುಬು ಮುರಿದರೆ ಶಸ್ತ್ರಕ್ರಿಯೆ ಬೇಕೆ?

(ಸಂಘದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಕಳೆದ ಮಳೆಗಾಲದಲ್ಲಿ ಹೋಟೆಲಿನ ಹುಡುಗನೊಬ್ಬ ನನ್ನಲ್ಲಿಗೆ ಬಂದ. ಅಡಿಗೆಮನೆಯ ಒದ್ದೆ ನೆಲದಲ್ಲಿ ಜಾರಿ, ಅಕ್ಕಿ ಮೂಟೆಯ ಸಮೇತ ಭುಜದ ಮೇಲೆ ಬಿದ್ದಿದ್ದ. ಒಬ್ಬ ಡಾಕ್ಟರರು ಕೈಯನ್ನು ಜೋಲಿಯಲ್ಲಿಟ್ಟುಕೊಂಡರೆ ಸಾಕೆಂದಿದ್ದರಂತೆ. ಇನ್ನೊಬ್ಬರು ಪ್ಲೇಟು ಹಾಕಿಸಿಬಿಡು ಎಂದರಂತೆ. ಹುಡುಗ ಸಾಲ ಕೇಳಲು ಹೊರಟಿದ್ದ. "ಡಾಕ್ಟ್ರೇ, ಇಬ್ಬರಲ್ಲಿ ಯಾರ ಮಾತು ಸುಳ್ಳು?" ಎಂದು ಕೇಳಿದ. ಯಾರದೂ ಸುಳ್ಳಲ್ಲ. ಅದು ಹೇಗೆಂದು ಹೇಳುತ್ತೇನೆ.

ಎದೆಯ ನಡುಮೂಳೆಯಿಂದ ಭುಜದವರೆಗೆ, ಚರ್ಮದ ಕೆಳಗೇ ಬೆರಳಿಗೆ ಸಿಗುವ ಎಲುಬು ಇದು. ಭುಜದ ಮೇಲೆ ಬಿದ್ದಾಗ ಪೆಟ್ಟು ಇದಕ್ಕೇ ತಗಲುತ್ತದೆ. ಮುರಿಯುವುದು ಹೆಚ್ಚಾಗಿ ನಡುಭಾಗದಲ್ಲಿ. ಮುರಿದೊಡನೆ ಕತ್ತಿನ ಸ್ನಾಯು ಒಳತುಂಡನ್ನು ಮೇಲಕ್ಕೆಳೆಯುತ್ತದೆ, ತೋಳಿನ ಭಾರ ಹೊರತುಂಡನ್ನು ಕೆಳಕ್ಕೆ ಜಗ್ಗುತ್ತದೆ.

ಹಿಂದೆ ಇದಕ್ಕೆ ಚಾಕು ಹಿಡಿಯುವವರೇ ಕಡಿಮೆ. 1960ರಲ್ಲಿ ಅಮೆರಿಕದ ನೀರ್ ಎಂಬ ವೈದ್ಯರು ಪ್ರಕಟಿಸಿದ ಲೆಕ್ಕದಲ್ಲಿ, ಶಸ್ತ್ರಕ್ರಿಯೆಯಿಲ್ಲದೆ ಬಿಟ್ಟ 2,235 ನಡುಮುರಿತಗಳಲ್ಲಿ ಕೂಡದೆ ಉಳಿದವು ಮೂರೇ ಮೂರು. ಆದರೆ ಅದು ಎಲ್ಲ ಬಗೆಯ ಮುರಿತಗಳ ಲೆಕ್ಕ. ತುಂಡುಗಳು ಪೂರ್ತಿ ಸರಿದುಹೋದವರನ್ನೇ ಆರಿಸಿ ಕೆನಡಾದ ವೈದ್ಯರು ಪರೀಕ್ಷಿಸಿ 2007ರಲ್ಲಿ ಹೇಳಿದ್ದು ಬೇರೆ: ಜೋಲಿ ಹಾಕಿದ 49 ಮಂದಿಯಲ್ಲಿ 7 ಮಂದಿಗೆ ಎಲುಬು ಕೂಡಲಿಲ್ಲ, ಪ್ಲೇಟು ಹಾಕಿದ 62 ಮಂದಿಯಲ್ಲಿ ಕೂಡದ್ದು ಇಬ್ಬರಿಗೆ. ಪ್ಲೇಟಿನವರು ಇದನ್ನೇ ಹಿಡಿದು ವಾದಿಸುತ್ತಾರೆ. ನಾನು ಇದನ್ನು ತಿರುಗಿಸಿಯೂ ಓದುತ್ತೇನೆ: ಏಳರಲ್ಲಿ ಆರು ಮಂದಿಗೆ ಜೋಲಿಯಲ್ಲೇ ಕೂಡಿತಲ್ಲ! ಕೂಡದೆ ನೋಯುತ್ತಿದ್ದರೆ ಕೆಲವು ತಿಂಗಳ ಮೇಲೂ ಪ್ಲೇಟು ಹಾಕಬಹುದು.

ಪ್ಲೇಟು ಹಾಕುವುದೆಂದರೆ ಚರ್ಮ ಕೊಯ್ದು, ತುಂಡುಗಳನ್ನು ಜೋಡಿಸಿ, ಮೇಲೆ ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿಯುವುದು. ಎಲುಬು ನೇರವಾಗುತ್ತದೆ, ಮೊದಲ ವಾರಗಳಲ್ಲಿ ಕೈ ಬೇಗ ಆಡುತ್ತದೆ. ಆದರೆ ಗಾಯ ಕೀವಾಗಬಹುದು. ಗಾಯದ ಕೆಳಗೆ ಚರ್ಮ ಮರಗಟ್ಟಿದಂತಿರುವುದು ಸಾಮಾನ್ಯ. ಹೆಗಲ ಮೇಲೆ ಮೂಟೆ ಹೊರುವವನಿಗಂತೂ ತೆಳುಚರ್ಮದಡಿಯ ಪ್ಲೇಟು ಒತ್ತುತ್ತದೆ. ಅದನ್ನು ತೆಗೆಸಬೇಕಾದರೆ ಮತ್ತೊಂದು ಶಸ್ತ್ರಕ್ರಿಯೆ.

ಎಲುಬು ಚರ್ಮ ಹರಿದು ಹೊರಬಂದರೆ, ಚರ್ಮವನ್ನು ಹರಿಯುವಂತೆ ಒತ್ತುತ್ತಿದ್ದರೆ, ಕೈ ತಣ್ಣಗಾಗಿ ಬಿಳಿಚಿಕೊಂಡರೆ, ಬೆರಳುಗಳ ಶಕ್ತಿ ಹೋದರೆ ಕಾಯಬೇಡಿ; ಆಗಲೇ ದೊಡ್ಡ ಆಸ್ಪತ್ರೆ ಸೇರಿ. ಇಂಥ ಮುರಿತವನ್ನು ತಿಕ್ಕಿಸಿಕೊಳ್ಳಲು ಊರಿನ ಬಸ್ಸು ಹತ್ತಿದವರನ್ನು ಕಂಡಿದ್ದೇನೆ. ಆ ವಿಷಯ ಬೇಡ. ಮೇಲಿನ ಯಾವುದೂ ಇಲ್ಲದೆ, ತುಂಡುಗಳು ಸರಿದು ಎಲುಬು ಸುಮಾರು ಎರಡು ಸೆಂಟಿಮೀಟರು ಗಿಡ್ಡವಾಗಿದ್ದರೆ, ಅಥವಾ ಚೂರುಚೂರಾಗಿದ್ದರೆ, ಆಗ ಶಸ್ತ್ರಕ್ರಿಯೆಯ ಮಾತು ಯೋಚಿಸತಕ್ಕದ್ದು. ಡಾಕ್ಟರರನ್ನು ಕೇಳಲು ಅಂಜಬೇಡಿ: "ಎಷ್ಟು ಸರಿದಿದೆ? ಜೋಲಿಯಲ್ಲಿಟ್ಟು ವಾರ ಬಿಟ್ಟು ಮತ್ತೆ ಎಕ್ಸ್‌ರೇ ನೋಡಬಹುದೆ?"

ಬೀಡಿ ಸೇದುವವರಿಗೆ ಎಲುಬು ಕೂಡುವುದು ನಿಧಾನ. ಆ ಮೂರು ತಿಂಗಳಾದರೂ ಬಿಡಿ. ಕೆಲಸದಲ್ಲಿದ್ದಾಗ ಬಿದ್ದರೆ ಆ ದಿನವೇ ಮ್ಯಾನೇಜರಿಗೆ ಹೇಳಿ ಅಪಘಾತದ ಪುಸ್ತಕದಲ್ಲಿ ಬರೆಯಿಸಿ. ಇ.ಎಸ್.ಐ. ಇದ್ದವರಿಗೆ ಚಿಕಿತ್ಸೆಯಲ್ಲದೆ, ದುಡಿಯಲಾಗದ ದಿನಗಳಿಗೆ ಸಂಬಳದ ನೂರಕ್ಕೆ ಸುಮಾರು 90 ಪಾಲೂ ಸಿಗುತ್ತದೆ. ಪುಸ್ತಕದಲ್ಲಿ ಬರೆಯದಿದ್ದರೆ ಅಲೆದಾಟವೇ ಗತಿ.

ಆ ಹುಡುಗನ ತುಂಡುಗಳು ಒಂದಕ್ಕೊಂದು ತಗಲಿಕೊಂಡೇ ಇದ್ದವು. ಜೋಲಿ ಹಾಕಿದೆವು. ಮೂರು ತಿಂಗಳು ಮೂಟೆ ಮುಟ್ಟಬಾರದೆಂದು ನಾನು ಚೀಟಿ ಬರೆದುಕೊಟ್ಟೆ. ಮಾಲಿಕರು ಅವನನ್ನು ಗಲ್ಲೆಯ ಹತ್ತಿರ ಕೂರಿಸಿದರು. ಎಲುಬಿನ ಮೇಲೆ ಸಣ್ಣ ಗುಬಟು ಉಳಿದಿದೆ, ಈಗ ಮತ್ತೆ ಮೂಟೆ ಎತ್ತುತ್ತಾನೆ.